ಬೆಂಕಿ ಕೇಳಿ ಕಲಿತ ಮಾತು

ನನ್ನ ಬಾಯಿ ಭಾಳ ಜೋರು. ಇದನ್ನ ನಾ ಹೇಳಬೇಕಾಗಿಲ್ಲ, ಕೊಪ್ಪಳದ ಕೋಟಿ ಗುಡ್ಡದ ಕೆಳಗಿನ ನಮ್ಮ ಓಣಿ ಮಂದಿ ಎಲ್ಲಾರೂ ಹೇಳತಿದ್ರು. ಹಿಟ್ನಾಳದಿಂದ ಹದಿನಾರು ವರ್ಷದ ಸೊಸಿಯಾಗಿ ಬಂದ ಆರು ತಿಂಗಳದಾಗ, ಬಾವಿಕಟ್ಟಿ ಮ್ಯಾಲ ನನ್ನ ಕೂಡ ಮಾತಿಗೆ ಮಾತು ಕೊಟ್ಟು ಗೆದ್ದಾಕಿ ಒಬ್ಬಾಕಿ ಉಳಿದಿದ್ದಿಲ್ಲ. ಮಂದಿ ಮಾತಾಡೋ ಧಾಟಿ ಹಿಡದು ಅಣಕಸೋದು ನನ್ನ ದೊಡ್ಡ ಹುನ್ನರ. ಯಲಬುರ್ಗಿಯಿಂದ ಬರೋ ಬಳಿಗಾರ, ಕುಷ್ಟಗಿ ಕಡೆಯಿಂದ ಕಂಬಳಿ ಮಾರಾಕ ಬರಾಂವ, ಯಾರ ಬರಲಿ, ಅವರು ಓಣಿ ದಾಟೋದರೊಳಗ ಅವರ ಮಾತು ನನ್ನ ಬಾಯಾಗ ಇರತಿತ್ತು. ಹೆಣ್ಮಕ್ಕಳು ಹೊಟ್ಟಿ ಹಿಡಕೊಂಡು ನಗತಿದ್ರು. ಅಂಥಾ ನಾನು, ಒಂದು ಕೂಸಿನ ಜೀವ ಹೋಗೋ ಹೊತ್ತಿನ್ಯಾಗ ನಾಕು ಮಾತು ಆಡಾಕ ಆಗದ ನಿಂತೆ ಅಂದ್ರ ಯಾರು ನಂಬತಾರ? ಆದ್ರ ನಿಂತೆ. ಅದನ್ನ ಬರೀಬೇಕಂತನ ಈಗ ಕುಂತೀನಿ.

ಆಗ ನಮ್ಮ ಕಡೆ ನಿಜಾಮರ ಕಾಲ. ಕಚೇರಿ, ಸಾಲಿ, ದವಾಖಾನಿ, ಎಲ್ಲಾ ಕಡೆ ಉರ್ದು. ಗಂಡಸರು ಸಂತಿ, ಕಚೇರಿ ಅಡ್ಡಾಡಿ ಒಂದೀಟು ಕಲೀತಿದ್ರು. ನಮ್ಮಂಥ ಹೆಣ್ಮಕ್ಕಳಿಗೆ ಅದು ಗ್ವಾಡಿ ಆಚೆ ಕೇಳೋ ಸಪ್ಪಳ ಅಷ್ಟ. ನಮ್ಮ ಮನ್ಯಾಗ ಅತ್ತಿ, ಭಾವ, ಭಾವನ ಹೇಂತಿ ಅಂದ್ರ ನನ್ನ ನೆಗೆಣ್ಣಿ, ನನ್ನ ಗಂಡ, ನಾನು. ಅಣ್ಣ ತಮ್ಮ ಇಬ್ಬರೂ ಶೇಂಗಾ, ಹತ್ತಿ ಗಾಡಿಗೆ ಹೇರಿಕೊಂಡು ಗಂಗಾವತಿ ಕಡೆ ಹೋದ್ರಂದ್ರ ವಾರಗಟ್ಟಲೆ ಮನಿ ಕಡೆ ಬರತಿದ್ದಿಲ್ಲ. ನೆಗೆಣ್ಣಿ ನನಗಿಂತ ಐದಾರು ವರ್ಷ ದೊಡ್ಡಾಕಿ. ನಾ ಅಕಿಗೆ ಅಕ್ಕಾ ಅಂತಿದ್ದೆ, ಅಕಿ ನನಗ ತಂಗಿ ಅಂತಿದ್ಲು. ನಾ ಹತ್ತು ಮಾತಾಡಿದ್ರ ಅಕಿ ಒಂದು ಆಡತಿದ್ಲು, ಅದನ್ನೂ ಅರ್ಧಕ್ಕ ನುಂಗತಿದ್ಲು.

ನನಗ ಉರ್ದು ಅಂದ್ರ ಅಂಜಿಕಿ ಹುಟ್ಟಿದ್ದು ಕಿವಿ ನೋವಿನಿಂದ. ಬಂದ ವರ್ಷನ ಎಡಗಿವಿ ಸೋರಾಕ ಹತ್ತಿತು. ಅತ್ತಿ ದವಾಖಾನಿಗೆ ಕರಕೊಂಡು ಹೋಗಿ, ತಾ ಹೊರಗ ಕಟ್ಟಿ ಮ್ಯಾಲ ಕುಂತ್ಲು. ಡಾಕ್ಟರು ಹೈದರಾಬಾದ ಕಡೇಯಾಂವ, ಕನ್ನಡ ಒಂದಕ್ಷರ ಬರತಿದ್ದಿಲ್ಲ. ದವಾಖಾನಿ ಜವಾನ ನಡುವ ನಿಂತು ಆ ಕಡೆ ಮಾತು ಈ ಕಡೆ ಮುಟ್ಟಸ್ತಿದ್ದ. ನನ್ನ ಪಾಳಿ ಬಂದಾಗ ಅವ ಹೊರಗ ಯಾವುದೋ ಗಾಡಿ ಸರಸಾಕ ಹೋಗಿದ್ದ. ಡಾಕ್ಟರು ನನ್ನ ಮುಖ ನೋಡಿ ಏನೋ ಕೇಳಿದ. ಕಿವಿ ಅನ್ನೋದು ತಿಳೀತು, ಯಾವ ಕಿವಿ ಅಂತ ಕೇಳಾಕ ಹತ್ಯಾನ ಅನ್ನೋದೂ ತಿಳೀತು. ಕೈ ಎತ್ತಿ ತೋರಿಸಿದ್ರ ಮುಗೀತಿತ್ತು! ಆದ್ರ ನಾಲಗಿ ಅಂಗುಳಕ್ಕ ಹತ್ತಿಬಿಡ್ತು, ಕೈ ಸೆರಗಿನೊಳಗ ಕಲ್ಲಾಗಿ ಕುಂತ್ವು. ಅವ ಎರಡು ಸಲ ಕೇಳಿದ, ಮೂರನೇ ಸಲ ಬ್ಯಾಸರಾಗಿ ಬಲಗಿವಿಗೆ ಔಷಧ ಹಾಕಿ ಕಳಿಸಿದ. ಬಾಗಿಲಾಗ ಕುಂತ ಹೆಣ್ಮಕ್ಕಳು ಕಿಸಕ್ಕಂತ ನಕ್ರು. ಛಲೋ ಕಿವಿ ತುಂಬ ಔಷಧ ಹಾಕಿಸಿಕೊಂಡು, ಸೋರೋ ಕಿವಿ ಹಿಡಕೊಂಡು ಮನಿಗೆ ಬಂದೆ. ಆ ನಗಿ ನನಗ ಆ ನೋವಿಗಿಂತ ಜಾಸ್ತಿ ದಿನ ಉಳೀತು. ಮಂದೀನ ಅಷ್ಟು ನಗಿಸಿದಾಕಿಗೆ, ತನ್ನನ್ನ ನೋಡಿ ಯಾರರ ನಕ್ರ ತಡಕೊಳ್ಳಾಕ ಆಗತಿದ್ದಿಲ್ಲ.

ಬಾಜೂ ಮನ್ಯಾಗ ಒಬ್ಬಾಕಿ ಮುದುಕಿ ಇದ್ದಳು. ಅಕಿ ಗಂಡ ಕಚೇರಿಯೊಳಗ ಚಪರಾಸಿ ಆಗಿದ್ದು ನೌಕರಿ ಬಿಟ್ಟಾಂವ. ಅವರೂ ಹೈದರಾಬಾದ ಕಡೆಯಿಂದ ಬಂದವರ. ಓಣಿ ತುಂಬ ಅಕಿಗೆ ಖಾಲಾ, ಅಂದ್ರ ಚಿಗವ್ವ, ಅಂತಿದ್ರು. ಲಡಾಯಿ ಕಾಲ ಅದು, ಕಡ್ಡಿಪೆಟ್ಟಿಗಿ ಸಿಗತಿದ್ದಿಲ್ಲ, ಸಿಕ್ರೂ ದೇವರ ದೀಪಕ್ಕಂತ ತಗದಿಡತಿದ್ರು. ಒಲಿ ಹಚ್ಚಬೇಕಂದ್ರ ಯಾರ ಮನ್ಯಾಗ ಹೊಗಿ ಏಳತೈತಿ ನೋಡಿ, ಕುಳ್ಳಿನ ಚೂರು ಹಿಡಕೊಂಡು ಹೋಗಿ ಕೆಂಡ ತರಬೇಕು. ಖಾಲಾ ಎಲ್ಲಾರಕಿಂತ ಮೊದಲ ಏಳಾಕಿ. ನಮ್ಮ ಅತ್ತಿ ಅವರ ಮನಿ ನೀರು ಮುಟ್ಟತಿದ್ದಿಲ್ಲ, ಆದ್ರ ಬೆಂಕಿಗೆ ಬ್ಯಾಡ ಅಂತಿದ್ದಿಲ್ಲ. ದಿನಾ ಮುಂಜಾನೆ ನಾ ಅಕಿ ಬಾಗಿಲಿಗೆ ಹೋಗಿ ಬರೇ ಕುಳ್ಳು ಮುಂದ ಹಿಡೀತಿದ್ದೆ, ಅಕಿ ಕೆಂಡ ಹಾಕತಿದ್ಲು. ಮಾತಿಲ್ಲ, ಕತಿಯಿಲ್ಲ.

ಕಿವಿ ಸುದ್ದಿ ಆದ ಮರುದಿನ ನಾ ಅಕಿಗೆ ಹೇಳಿದೆ, "ಖಾಲಾ, ನನಗ ನಿಮ್ಮ ಮಾತು ಕಲಸ್ರಿ."

ಅಕಿ ಚಿಮಟಿಗಿ ಕೆಳಗಿಟ್ಟು ನನ್ನ ಮುಖ ನೋಡಿದ್ಲು. ಆಮ್ಯಾಲ ತನ್ನ ಕನ್ನಡದಾಗ ಅಂದ್ಲು, "ನಾನು ಹೊಸದು ಬಂದಾಗ ನಿಮ್ದು ಮಾತು ಮಾತಾಡಿದ್ದು. ನೀನು ಬಾವೀ ಹತ್ರ ನಂದು ಮಾತು ಮಾಡಿ ತೋರಿಸ್ತೀ. ಎಲ್ಲಾ ನಗತೀರಿ. ಬಾವಿ ನಮ್ದು ಗ್ವಾಡಿ ಹಿಂದೇ, ನಂಗೆ ಕೇಳಿಸ್ತದೆ."

ನನ್ನ ಮುಖ ಎಲ್ಲಿಡಲಿ? ಖರೇನ ಅಣಕಸ್ತಿದ್ದೆ. ಅಕಿ ಕಾಯಿಪಲ್ಯೆ ಮಾರಾಕಿ ಕೂಡ ಕನ್ನಡದಾಗ ಜಗ್ಗಾಡೋದನ್ನ ನಾ ಹಂಗ ಹಂಗ ಆಡಿ ತೋರಸ್ತಿದ್ದೆ. ಅದು ನನ್ನ ಎಲ್ಲಾ ಅಣಕದಾಗ ಭಾಳ ಹೆಸರು ಪಡೆದಿದ್ದು. "ಹಂಗಾದ್ರೂ ನೀವು ಮಾತಾಡೋದು ಬಿಡಲಿಲ್ಲಲ್ರಿ?" ಅಂತ ಕೇಳಿದೆ.

"ಬಿಟ್ರೆ ಮೆಣಸಿನಕಾಯಿ ಯಾರು ಕೊಡ್ತಾರೆ?" ಅಂದ್ಲು ಖಾಲಾ.

ಅಲ್ಲಿಂದ ಅಕಿ ಒಂದು ಕಾನೂನು ಮಾಡಿದ್ಲು. ಬೆಂಕಿ ಬೇಕಂದ್ರ ಉರ್ದುದಾಗ ಕೇಳಬೇಕು, ಇಲ್ಲಂದ್ರ ಬೆಂಕಿ ಇಲ್ಲ. ಕೇಳೋ ಮಾತು ಅಕಿನ ಹೇಳಿಕೊಟ್ಲು: "ಜರಾ ಆಗ್ ದೀಜಿಯೇ." ಒಂದೀಟು ಬೆಂಕಿ ಕೊಡ್ರಿ. ಮೂರು ಮಾತು, ಮೂರಕ್ಕ ಮೂರು! ರಾತ್ರಿ ಎಲ್ಲಾ ಬಾಯಿಪಾಠ ಮಾಡಿ ಮುಂಜಾನೆ ಬಾಗಿಲಿಗೆ ಹೋಗಿ ನಿಂತ್ರ ಮೂರರಾಗ ಒಂದೂ ಹೊರಗ ಬರತಿದ್ದಿಲ್ಲ. ಅತ್ತ ನಮ್ಮ ಅಂಗಳದಿಂದ ಅತ್ತಿ ಒದರತಿದ್ಲು, "ಏನ ಬೆಂಕಿ ಹುಟ್ಟಸಾಕ ಹೋಗ್ಯಾಳೋ ಏನ, ಹೊತ್ತು ನೆತ್ತಿಗೆ ಬರಾಕ ಬಂತು!" ಇತ್ತ ಖಾಲಾ ಚಿಮಟಿಗಿ ಹಿಡಕೊಂಡು ನನ್ನ ಬಾಯಿ ನೋಡಕೋತ ಕುಂದರತಿದ್ಲು. ಮೊದಲ ನಾಕು ದಿನ ನಾ ಕುಳ್ಳು ಒಗದು ಹೊಳ್ಳಿ ಬಂದು, ಮೂರು ಮನಿ ಆಚೆಯಿಂದ ಕೆಂಡ ತಂದೆ. ಐದನೇ ದಿನ ಅವರ ಮನ್ಯಾಗೂ ಬೆಂಕಿ ಇದ್ದಿಲ್ಲ. ಕಣ್ಣು ಮುಚ್ಚಿಕೊಂಡು ಅಂದುಬಿಟ್ಟೆ. ಖಾಲಾ ನಗಲಿಲ್ಲ. ಕೆಂಡ ಹಾಕಿದ್ಲು.

ಅದಾದ ಮ್ಯಾಲ ಮುದುಕಿ ಇನ್ನೊಂದು ಹೆಜ್ಜಿ ಮುಂದ ಹೋದ್ಲು. ಕೆಂಡ ಕುಳ್ಳಿನ ಮ್ಯಾಲ ಹಾಕಿ, ನನ್ನನ್ನ ಬಿಡದ ಒಂದು ಪ್ರಶ್ನಿ ಕೇಳತಿದ್ಲು. ನಿನ್ನೆ ಏನ ಅಡಗಿ ಮಾಡಿದ್ದಿ? ನಿಮ್ಮ ಎಮ್ಮಿ ಎಷ್ಟು ಹಾಲು ಕೊಡತೈತಿ? ಉತ್ತರ ಕೊಡೋತನಕ ಬಿಡತಿದ್ದಿಲ್ಲ. ಕೆಂಡ ಬೂದಿ ಹಿಡೀತ ಹೋಗತಿತ್ತು, ಅತ್ತಿ ದನಿ ಏರತ ಹೋಗತಿತ್ತು, ನಾ ತಡವರಸ್ತಿದ್ದೆ. ಒಂದು ವರ್ಷದಾಗ ಅಕಿ ಆಡೋ ಮಾತೆಲ್ಲಾ ತಿಳೀತಿತ್ತು. ಗಂಡನಿಗೆ ಹೊಟ್ಟಿ ಜಾಡಿಸಿ ಭೇದಿ ಹತ್ತಿದ್ದು, ದವಾಖಾನ್ಯಾಗ ಕಂದುಬಣ್ಣದ ಬಾಟ್ಲಿ ಔಷಧ ಕೊಟ್ಟಿದ್ದು, ಅದರಾಗ ಅಫೀಮು ಇರೋದರಿಂದ ಮುದುಕ ಹಗಲೆಲ್ಲಾ ಮಲಗಿದ್ದು, ಇಂಥಾವೆಲ್ಲಾ ಅಕಿ ಹೇಳಿದ್ದು ತಿಳಕೊಂಡೆ. ಆದ್ರ ನನ್ನ ಬಾಯಿಂದ ಸಲೀಸಾಗಿ ಬರತಿದ್ದದ್ದು ಅದೊಂದ: "ಜರಾ ಆಗ್ ದೀಜಿಯೇ." ಅದೂ ಖಾಲಾನ ಬಾಗಿಲಾಗ ಅಷ್ಟ. ಮೂರನೇಯವರು ಒಬ್ಬರು ಅಲ್ಲಿ ನಿಂತಿದ್ರ ಅದೂ ಇಲ್ಲ. ಖಾಲಾ ಹಣಿ ಹಣಿ ಬಡಕೊಳ್ಳತಿದ್ಲು.

ಈಗ ಅಫೀಮಿನ ಮಾತು ಹೇಳಬೇಕು. ಈಗಿನವರಿಗೆ ಕೇಳಿದ್ರ ಮೈ ನಡಗತೈತಿ. ಆಗ ಮನಿ ಮನ್ಯಾಗೂ ಇತ್ತು. ತಾಯಿ ಹೊಲಕ್ಕ ಹೋಗಬೇಕು, ಕೂಸು ಮಲಗಬೇಕು. ಸಾಸಿವಿ ಕಾಳಿನಷ್ಟು ಅಫೀಮು ಹಾಲಾಗ ತೇಯ್ದು ನೆಕ್ಕಸ್ತಿದ್ರು. ನಮ್ಮ ಮನ್ಯಾಗ ಅದರ ಸಣ್ಣ ತಗಡಿನ ಡಬ್ಬಿ ಒಲಿ ಮಗ್ಗಲದ ಗೂಡಿನ್ಯಾಗ ಇರತಿತ್ತು. ಯಾರು ಕೂಸಿನ ಹತ್ರ ಇರತಾರೋ ಅವರು ಕೊಡೋದು. ಕೊಟ್ಟೀನಿ ಅಂತ ಇನ್ನೊಬ್ಬರಿಗೆ ಹೇಳೋ ಪದ್ಧತಿ ಇದ್ದಿಲ್ಲ. ಉಪ್ಪು ಹಾಕಿದ್ದನ್ನ ಹೇಳತೀವೇನು? ಹಂಗ.

ನೆಗೆಣ್ಣಿಗೆ ಮದುವ್ಯಾಗಿ ಏಳು ವರ್ಷಕ್ಕ ಒಂದು ಹೆಣ್ಣು ಕೂಸು ಹುಟ್ಟಿತ್ತು. ಎಂಟು ತಿಂಗಳದ್ದು, ಹಲ್ಲು ಬರೋ ಹೊತ್ತು, ಎರಡು ದಿನದಿಂದ ಹೊಟ್ಟಿ ಜಾಡಸ್ತಿತ್ತು. ಹತ್ತಿ ಬಿಡಿಸೋ ದಿನ ಅವು, ಗಂಡಸರು ಊರಾಗಿದ್ದಿಲ್ಲ. ನೆಗೆಣ್ಣಿ ನಸಿಕಿನ್ಯಾಗ ಎದ್ದು ಆಳುಗಳ ಕೂಡ ಹೊಲಕ್ಕ ಹೋದ್ಲು. ಹೊತ್ತು ಏರಿದ ಮ್ಯಾಲ ಅತ್ತಿ ಗಾಣದ ಮನಿಗೆ ಎಣ್ಣಿ ತರಾಕ ಹೋದ್ಲು. ನಾ ರೊಟ್ಟಿ ಬಡಿಯಾಕ ಕುಂತೆ. ಕೂಸು ಕಿರಿಕಿರಿ ಮಾಡಾಕ ಹತ್ತಿತು, ಅಳು ನಿಲ್ಲವಲ್ದು. ಕೈ ಒರಸಿಕೊಂಡು ಎದ್ದೆ, ಗೂಡಿನ್ಯಾಗಿನ ಡಬ್ಬಿ ತಗದೆ, ಒಂದೀಟು ತೇಯ್ದು ನೆಕ್ಕಿಸಿದೆ. ಕೂಸು ಮಲಗಿತು. ಹಾಯ್ ಅನಿಸಿತು ನನಗ. ಹೊಳ್ಳಿ ರೊಟ್ಟಿಗೆ ಕುಂತೆ.

ಅತ್ತಿ ಬಂದು ತೊಟ್ಲ ನೋಡಿ, "ಇದೇನ, ಹಿಂಗ್ಯಾಕ ಮಲಗೈತಿ?" ಅಂದ್ಲು. ನಾ ಹೋಗಿ ನೋಡಿದೆ. ತುಟಿ ನೀಲಿ ತಿರಗಿದ್ದವು. ಉಸಿರು ಬರತಿತ್ತು, ಆದ್ರ ಒಂದಕ್ಕೂ ಇನ್ನೊಂದಕ್ಕೂ ನಡುವ ಎಷ್ಟೋ ಹೊತ್ತು. ಅಂಗಾಲು ಚೂಟಿದ್ರ ಕಾಲು ಎಳಕೊಳ್ಳವಲ್ದು.

"ನಾ ಒಂದೀಟು ಕೊಟ್ಟೀನ್ರಿ ಅತ್ತಿ," ಅಂದೆ.

ಅಕಿ ಹಂಗ ತೊಟ್ಲ ಹಿಡಕೊಂಡು ಕುಂತುಬಿಟ್ಲು. "ನಾನೂ ಕೊಟ್ಟ ಹೋಗೀನಲ್ಲ, ಯವ್ವಾ..."

ಅತ್ತಿ ಓಣಿ ಹುಡುಗನೊಬ್ಬನ್ನ ಹೊಲಕ್ಕ ಓಡಿಸಿ, ಕೂಸನ್ನ ಸೀರಿಯೊಳಗ ಸುತ್ತಿಕೊಂಡು ಹೊಂಟ್ಲು. ಬಾಗಿಲು ದಾಟೋ ಮುಂದ ನನ್ನ ರಟ್ಟಿ ಹಿಡದ್ಲು. "ದವಾಖಾನ್ಯಾಗ ಅಫೀಮಿನ ಸುದ್ದಿ ತಗದಿ ಅಂದ್ರ ನಿನ್ನ ನಾಲಗಿ ಕಿತ್ತ ಕೈಯಾಗ ಕೊಡತೀನಿ. ಇಬ್ಬರೂ ಕೂಡಿ ಕೂಸು ಕೊಂದ್ವಿ ಅಂತ ಊರು ಅಂತೈತಿ. ಕೂಸಿನ ತಾಯಿ ಏನ ಅಂದಾಳು? ಹೊಟ್ಟಿ ಜಾಡಿಸಿದ್ದಕ್ಕ ಸುಸ್ತಾಗೈತಿ, ಅಷ್ಟ." ನಾ ಹೂಂ ಅಂದೆ. ಸುಳ್ಳ್ಯಾಕ ಹೇಳಲಿ, ಆ ಮಾತು ಕೇಳಿ ನನಗೂ ಒಂದೀಟು ಸಮಾಧಾನ ಆತು. ಯಾರಿಗೂ ತಿಳಿಯಂಗಿಲ್ಲ ಅಂತ. ಎಂಥಾ ಹೊಲಸು ಸಮಾಧಾನ!

ಖಾಲಾನ ಮನಿ ಮುಂದ ಹಾದು ಹೋಗೋ ಮುಂದ ಅಕಿ ಬಾಗಿಲಿಗೆ ಕೀಲಿ ಬಿದ್ದಿತ್ತು. ಗಂಗಾವತಿಗೆ ಮಗಳ ಮನಿಗೆ ಹೋಗಿ ಎರಡು ದಿನ ಆಗಿತ್ತು. ಅಕಿ ಇದ್ದಿದ್ರ ಅಕಿ ಸೆರಗು ಹಿಡಕೊಂಡು ಎಲ್ಲಾ ಹೇಳಿಬಿಡತಿದ್ನೇನೋ.

ದವಾಖಾನಿ ಬಾಗಿಲಾಗ ನಾವು ಕಾಲಿಡೋದಕ್ಕೂ ನೆಗೆಣ್ಣಿ ಹೊಲದಿಂದ ಓಡಿ ಬರೋದಕ್ಕೂ ಸರಿ ಆತು. ಸೀರಿ ತುಂಬ ಹತ್ತಿ ಅರಳಿ ಹತ್ತಿದ್ದವು. ಕೂಸಿನ ಮುಖ ನೋಡಿದ್ಲು, ಕೈ ಚಾಚಲಿಲ್ಲ, ಗ್ವಾಡಿಗೆ ಆತು ನಿಂತ್ಲು. ಬಾಯಾಗ ಸೆರಗು ತುರಕಿಕೊಂಡಿದ್ಲು.

ಡಾಕ್ಟರು ಕೂಸನ್ನ ಮೇಜಿನ ಮ್ಯಾಲ ಮಲಗಿಸಿ, ಜವಾನನ ಬಾಯಿಂದ ಕೇಳಿಸಿದ. ಅತ್ತಿ ಹೊಟ್ಟಿ ಜಾಡಿಸೋ ಸುದ್ದಿ ಹೇಳಿದ್ಲು, ಹಲ್ಲಿನ ಸುದ್ದಿ ಹೇಳಿದ್ಲು. "ಔರ್ ಕೋಈ ದವಾ ದೀ?" ಅಂತ ಡಾಕ್ಟರು ಕೇಳಿದ. ಜವಾನ ಹೇಳೋಕಿಂತ ಮೊದಲ ನನಗ ತಿಳೀತು: ಬ್ಯಾರೆ ಔಷಧ ಏನರ ಕೊಟ್ಟೀರೇನು?

"ಏನಿಲ್ರಿ ಯಪ್ಪಾ, ಏನೂ ಕೊಟ್ಟಿಲ್ಲ," ಅಂದ್ಲು ಅತ್ತಿ.

ಡಾಕ್ಟರು ತಲಿ ಅಲ್ಲಾಡಿಸಿ ಚೀಟಿ ಬರಿಯಾಕ ಕುಂತ. ಜವಾನಗ ಒಳಗಿನ ಖೋಲಿಯಿಂದ ಬಾಟ್ಲಿ ತರಾಕ ಹೇಳಿದ. ಭೂರೀ ಶೀಶೀ ಅಂದ. ಕಂದುಬಣ್ಣದ ಬಾಟ್ಲಿ. ಖಾಲಾನ ಮುದುಕ ಹಗಲೆಲ್ಲಾ ಮಲಗಿದ್ದು ಅದರಿಂದನ. ಎರಡು ಸಲ ಹೊಟ್ಟ್ಯಾಗ ಹೋದದ್ದರ ಮ್ಯಾಲ ಅದನ್ನೂ ಹಾಕಿದ್ರ ಕೂಸು ಉಳಿಯಂಗಿಲ್ಲ. ಅಲ್ಲಿದ್ದ ಇಷ್ಟು ಮಂದಿಯೊಳಗ ಇದು ಗೊತ್ತಿದ್ದಾಕಿ ನಾ ಒಬ್ಬಾಕಿ.

ಕನ್ನಡದಾಗ ಒದರಿಬಿಡಬೇಕಿತ್ತು ಅಂತ ನೀವು ಅಂತೀರಿ. ನಾನೂ ನನಗ ಎಷ್ಟೋ ಸಲ ಅಂದುಕೊಂಡೀನಿ. ಕನ್ನಡದಾಗ ಅಂದ್ರ ನೆಗೆಣ್ಣಿಗೆ ತಿಳೀತೈತಿ, ಅತ್ತಿಗೆ ತಿಳೀತೈತಿ. ಉರ್ದುದಾಗ ಅಂದ್ರ ಅವರಿಬ್ಬರಿಗೂ ತಿಳಿಯಂಗಿಲ್ಲ. ಜವಾನ ಒಳಗದಾನ. ಡಾಕ್ಟರ ಕಿವಿಗೆ ಅಷ್ಟ ಹೋಗತೈತಿ, ಕೂಸು ಉಳೀತೈತಿ, ನನ್ನ ತಪ್ಪು ಮುಚ್ಚಿ ಹೋಗತೈತಿ. ನಾ ಧೈರ್ಯದಿಂದ ಉರ್ದು ಮಾತಾಡಿದೆ ಅಂತ ಓಣಿ ಮಂದಿ ಆಮ್ಯಾಲ ಹೊಗಳಿದ್ರು. ಎಲ್ಲೀದು! ಅಂಜಿಕಿಂದನ ಆಡಿದೆ. ಒಂದು ಅಂಜಿಕಿ ಇನ್ನೊಂದು ಅಂಜಿಕಿಗಿಂತ ದೊಡ್ಡದಾತು, ಅಷ್ಟ.

ಎರಡು ಹೆಜ್ಜಿ ಮುಂದ ಹೋದೆ. ಬಾಯಿ ತಗದೆ. ಎಲ್ಲಾ ಗೊತ್ತಿತ್ತು, ಕೂಸಿಗೆ ಏನಂತಾರ, ಕೊಡೋದಕ್ಕ ಏನಂತಾರ, ಎಲ್ಲಾ. ಯಾವುದೂ ನಾಲಗಿಗೆ ಬರವಲ್ದು. ಒಳಗಿನ ಖೋಲ್ಯಾಗ ಬಾಟ್ಲಿ ಬಾಟ್ಲಿಗೆ ತಾಕೋ ಸಪ್ಪಳ ಕೇಳಸ್ತಿತ್ತು. ಡಾಕ್ಟರು ತಲಿ ಎತ್ತಿ "ಕ್ಯಾ ಹೈ?" ಅಂದ.

ನನ್ನ ಬಾಯಿಂದ ಬಂತು: "ಜರಾ ಆಗ್ ದೀಜಿಯೇ."

ಒಂದೀಟು ಬೆಂಕಿ ಕೊಡ್ರಿ! ಸಾಯೋ ಕೂಸಿನ ಮುಂದ ನಿಂತು ಡಾಕ್ಟರಿಗೆ ಬೆಂಕಿ ಕೇಳಿದೆ ನಾನು. ಒಂದು ವರ್ಷ ದಿನಾ ತಿಕ್ಕಿದ ಮಾತು ಅದೊಂದ ಇತ್ತಲ್ಲ, ಬಾಯಿ ತಗದ ಕೂಡಲೆ ಅದ ಜಾರಿ ಬಿತ್ತು. ಬಾಗಿಲಾಗ ಕುಂತಿದ್ದ ಹೆಣ್ಮಕ್ಕಳು ಘೊಳ್ಳಂತ ನಕ್ರು. ಡಾಕ್ಟರು ಲೇಖಣಿ ಕೆಳಗಿಟ್ಟು ಹುಬ್ಬು ಗಂಟು ಹಾಕಿದ. ಅತ್ತಿ ನನ್ನ ಸೆರಗು ಹಿಡದು ಹಿಂದಕ್ಕ ಜಗ್ಗಿದ್ಲು.

ಯಾವ ನಗಿಗೆ ಒಂದು ವರ್ಷ ಅಂಜಿದ್ನೋ ಅದು ಬಂದು ಬಿದ್ದಿತ್ತು. ಕಿವಿಯಾಗ ಬಿತ್ತು, ಹೋತು. ನಾ ಸಾಯಲಿಲ್ಲ. ಖಾಲಾನ ಮೆಣಸಿನಕಾಯಿ ನೆನಪಾತು. ಇಡೀ ಓಣಿ ನಗಾಕ ಹತ್ತಿದ್ರೂ ಅಕಿ ತನ್ನ ಮುರುಕು ಕನ್ನಡದಾಗ ಜಗ್ಗಾಡಿ, ಮೆಣಸಿನಕಾಯಿ ಉಡಿಯಾಗ ಹಾಕಿಕೊಂಡ ಮನಿಗೆ ಹೋಗತಿದ್ಲು. ನನಗೂ ಒಂದು ಬೇಕಾಗಿತ್ತು, ಕೂಸಿನ ಜೀವ. ಅತ್ತಿ ಕೈ ಕೊಸರಿಕೊಂಡೆ.

"ಆಗ್ ನೈ," ಅಂದೆ, ಬೆಂಕಿ ಅಲ್ಲ. "ದವಾ. ಕಾಲೀ ದವಾ. ಬಚ್ಚೀ ಕೋ ದಿಯಾ." ಕರೀ ಔಷಧ, ಕೂಸಿಗೆ ಕೊಟ್ಟೈತಿ. ತಪ್ಪೋ ಸರಿಯೋ ದೇವರಿಗೆ ಗೊತ್ತು. ಅಫೀಮು ಅನ್ನಾಕ ನನಗ ಮನಸಿದ್ದಿಲ್ಲ. ಯಾಕಂದ್ರ ಆ ಮಾತು ಅವರಲ್ಲೂ ಅದ, ನಮ್ಮಲ್ಲೂ ಅದ. ಅದನ್ನ ಅಂದ್ರ ಅತ್ತಿಗೆ ತಿಳೀತೈತಿ, ನೆಗೆಣ್ಣಿಗೆ ತಿಳೀತೈತಿ.

"ಕೌನ್ಸೀ ಕಾಲೀ ದವಾ?" ಅಂದ ಡಾಕ್ಟರು, ಯಾವ ಕರೀ ಔಷಧ ಅಂತ.

ಜವಾನ ಬಾಟ್ಲಿ ಹಿಡಕೊಂಡು ಹೊರಗ ಬಂದ. ಬೂಚು ತಗದ. ಬಟ್ಟಲಕ್ಕ ಸುರಿಯಾಕ ಹತ್ತಿದ.

"ಅಫೀಮ್," ಅಂದೆ ನಾನು. "ಅಫೀಮ್, ಸಾಹೇಬ್, ಅಫೀಮ್!"

ಡಾಕ್ಟರು ಎದ್ದ ಹೊಡ್ತಕ್ಕ ಕುರ್ಚಿ ಹಿಂದಕ್ಕ ಬಿತ್ತು. ಜವಾನನ ಕೈಯಾಗಿನ ಬಟ್ಟಲ ಕಸಗೊಂಡು ಮೇಜಿನ ಆಚೆ ಇಟ್ಟ. ಕೂಸಿನ ರೆಪ್ಪಿ ಎತ್ತಿ ಕಣ್ಣು ನೋಡಿದ. "ಕಿತ್ನೀ ಬಾರ್?" ಎಷ್ಟು ಸಲ?

ಲೆಕ್ಕದ ಮಾತು ಬಾಯಿಗೆ ಬರಲಿಲ್ಲ. ಎರಡು ಬೆರಳು ಎತ್ತಿದೆ.

"ಕಿಸ್ನೇ ದೀ?" ಕೊಟ್ಟಾರ ಯಾರು?

ಇಲ್ಲಿ ನಾ ಇನ್ನೊಂದು ಸಲ ಹೇಡಿಯಾಗಬಹುದಿತ್ತು. ಸಾಸ್, ಅತ್ತಿ, ಅಂತ ಒಂದ ಮಾತಿಗೆ ಮುಗಸಬಹುದಿತ್ತು. ಯಾರಿಗೂ ತಿಳೀತಿದ್ದಿಲ್ಲ. "ಸಾಸ್," ಅಂದೆ. ಉಸಿರು ತಗೊಂಡೆ. "ಫಿರ್ ಮೈಂ." ಆಮ್ಯಾಲ ನಾನು. ಅವ ನನ್ನ ಮುಖ ಒಂದು ಗಳಿಗಿ ನೋಡಿದ, ಬಾಗಿಲಾಗಿನ ಹೆಣ್ಮಕ್ಕಳಿಗೆ ಎದ್ದು ಹೋಗಾಕ ಹೇಳಿದ.

ಕೂಸಿನ ಹೊಟ್ಟಿಗೆ ರಬ್ಬರಿನ ನಳಿಗಿ ಇಳಿಸಿ ನೇರಳಿ ಬಣ್ಣದ ನೀರಿಂದ ತೊಳದ್ರು. ಹಾಲಿಲ್ಲದ ಗಟ್ಟಿ ಕಾಫಿ ಹನಿ ಹನಿ ಕುಡಿಸಿದ್ರು. ಮಲಗಾಕ ಬಿಡಬ್ಯಾಡ್ರಿ ಅಂತ ಡಾಕ್ಟರು ನನಗ ಹೇಳಿದ, ಜವಾನಗಲ್ಲ, ನನಗ. ಅವ ಹೇಳಿದ್ದನ್ನ ನಾ ಕನ್ನಡದಾಗ ಹೇಳತಿದ್ದೆ, ನೆಗೆಣ್ಣಿ ಅದರಂಗ ಅಂಗಾಲು ಬಡೀತಿದ್ಲು, ಎತ್ತಿಕೊಂಡು ಅಲ್ಲಾಡಸ್ತಿದ್ಲು, ಮುಖಕ್ಕ ತಣ್ಣೀರು ಚುಮಕಸ್ತಿದ್ಲು. ಅತ್ತಿ ಮೂಲ್ಯಾಗ ಕುಂತು ದೇವರ ಹೆಸರು ಹೇಳಾಕ ಹತ್ತಿದ್ಲು. ಎಷ್ಟೋ ಸಲ ಉಸಿರು ನಿಂತೇಬಿಟ್ಟಿತು ಅನಿಸಿತು. ಬಿಸಲು ಇಳಿದು ದವಾಖಾನಿ ಕಟ್ಟಿ ಮ್ಯಾಲ ನೆರಳು ಬಂದ ಹೊತ್ತಿಗೆ ಕೂಸು ಮುಖ ಕಿವಿಚಿ ಸಣ್ಣಗ ಅಳ್ತು. ಆಮ್ಯಾಲ ಜೋರಾಗಿ ಅಳ್ತು. ನಾನೂ ಅದರ ಕೂಡ ಬಾಯಿ ತಗದು ಅತ್ತೆ.

ಅತ್ತಿ ನನ್ನ ಕೂಡ ಒಂದು ತಿಂಗಳು ಮಾತು ಬಿಟ್ಲು. ಗೂಡಿನ್ಯಾಗಿನ ಡಬ್ಬಿ ಮಾತ್ರ ಮರುದಿನನ ಕಾಣಲಿಲ್ಲ, ಎಲ್ಲಿ ಒಗದ್ಲೋ. ಖಾಲಾ ಗಂಗಾವತಿಯಿಂದ ಬಂದು, ನಾ ಡಾಕ್ಟರಿಗೆ ಬೆಂಕಿ ಕೇಳಿದ ಕತಿ ಕೇಳಿ ಹೊಟ್ಟಿ ಹುಣ್ಣಾಗೋಹಂಗ ನಕ್ಕು, ಕಣ್ಣು ಒರಸಿಕೊಂಡು ನನ್ನ ತಲಿ ಮ್ಯಾಲ ಕೈಯಿಟ್ಲು. ಅಲ್ಲಿಂದ ನಾ ಅಕಿ ಮಾತು ಬಾಯಿಗೆ ಬಂದಂಗ ಆಡಿದೆ. ದವಾಖಾನಿಗೆ ಹೋಗೋ ಹೆಣ್ಮಕ್ಕಳು ನನ್ನನ್ನ ಕರಕೊ‌ಂಡು ಹೋಗತಿದ್ರು. ಬಾವಿಕಟ್ಟಿ ಮ್ಯಾಲ ಖಾಲಾನ ಅಣಕ ಕೇಳಿದವರಿಗೆ ಮಾತ್ರ, ನೀವ ಹೋಗಿ ಅಕಿ ಮಾತು ನಾಕು ಆಡಿ ಬರ್ರಿ, ಆಮ್ಯಾಲ ತೋರಸ್ತೀನಿ ಅಂತಿದ್ದೆ. ಒಬ್ಬಾಕಿನೂ ಹೋಗಲಿಲ್ಲ.

ಆದ್ರ ಮನ್ಯಾಗ ನನಗ ಸುಖ ಇದ್ದಿಲ್ಲ. ಯಾರರ ಬಂದು, ನಿನ್ನ ತಂಗಿ ಉರ್ದು ಮಾತಾಡಿ ನಿನ್ನ ಕೂಸು ಉಳಸ್ಯಾಳ ನೋಡು ಅಂದ್ರ ಸಾಕು, ನೆಗೆಣ್ಣಿ ಎದ್ದು ಒಳಗ ಹೋಗಿಬಿಡತಿದ್ಲು. ಅಫೀಮು ಅನ್ನೋ ಮಾತು ಅಕಿ ಕಿವಿಗೂ ಬಿದ್ದಿತ್ತಲ್ಲ. ನನ್ನ ಮ್ಯಾಲ ಅಕಿಗೆ ಹಗಿ ಐತಿ ಅಂದುಕೊಂಡೆ. ನಾ ಕೊಟ್ಟೆ ಅಂತ ಪರಊರಿನ ಡಾಕ್ಟರಿಗೆ ಪರಭಾಷಾದಾಗ ಹೇಳಿದಾಕಿ, ಒಂದ ಒಲಿ ಮುಂದ ಕುಂದರೋ ಅಕ್ಕಗ ಕನ್ನಡದಾಗ ಹೇಳಾಕ ಆಗಲಿಲ್ಲ. ಒಂದು ವರ್ಷ ಹೋತು, ಎರಡು ಹೋದವು, ಐದಾರು ಹೋದವು. ನಿಜಾಮರ ಕಾಲ ಮುಗೀತು, ಕಚೇರಿ ಬೋರ್ಡು ಬದಲಾದವು. ಹುಡುಗಿ ಸಾಲಿಗೆ ಹೋಗಾಕ ಹತ್ತಿದ್ಲು.

ಒಂದಿನ ಮಧ್ಯಾಹ್ನ ಪಡಸಾಲ್ಯಾಗ ಇಬ್ಬರ ಕುಂತು ಬಿತ್ತಾಕ ಶೇಂಗಾ ಸುಲೀತಿದ್ವಿ. ಹಿಂದಿನ ದಿನನ ಯಾರೋ ಮತ್ತ ಆ ಹೊಗಳಿಕಿ ಮಾತು ತಗದಿದ್ರು, ಅಕಿ ಮತ್ತ ಎದ್ದು ಹೋಗಿದ್ಲು. ನನಗ ತಡಕೊಳ್ಳಾಕ ಆಗಲಿಲ್ಲ. ತಲಿ ಎತ್ತದ ಅಂದೆ, "ಅಕ್ಕಾ, ಆವತ್ತು ಅತ್ತಿ ಕೊಟ್ಟ ಮ್ಯಾಲ ನಾನೂ ಕೊಟ್ಟಿದ್ದೆ. ಗೊತ್ತಿಲ್ಲದ ಕೊಟ್ಟೆ. ನಿನಗ ಹೇಳಾಕ ಬಾಯಿ ಬರಲಿಲ್ಲ. ಬೈಯಬೇಕಂದ್ರ ಬೈದುಬಿಡು, ಹಿಂಗ ಎದ್ದು ಹೋಗಬ್ಯಾಡ."

ಅಕಿ ಕೈ ನಿಂತ್ವು. ಅಕಿ ಮಾತು ನುಂಗೋದು ನನಗ ರೂಢಿ ಇತ್ತು, ಆವತ್ತೂ ನುಂಗಿದ್ಲು ಅಂತನ ತಿಳಕೊಂಡೆ.

"ನೀ ಎರಡು ಬೆರಳು ಎತ್ತಿದಿ," ಅಂದ್ಲು ಕಡೀಕ. "ನಾ ಗ್ವಾಡಿಗೆ ನಿಂತು ನೋಡಿದೆ. ಎರಡಲ್ಲ ತಂಗಿ, ಮೂರು. ಹತ್ತಿ ಬಿಡಿಸಾಕ ಹೋಗೋ ಮುಂದ ನಸಿಕಿನ್ಯಾಗ ನಾನೂ ಕೊಟ್ಟಿದ್ದೆ." ಶೇಂಗಾ ಸಿಪ್ಪಿ ಉಡಿಯಿಂದ ಝಾಡಿಸಿದ್ಲು. "ಒಂದು ಬೆರಳು ಎತ್ತಾಕ ನನಗ ಯಾರ ಭಾಷಾನೂ ಬೇಕಾಗಿದ್ದಿಲ್ಲ. ಎತ್ತಲಿಲ್ಲ."

ಅಕಿ ಕೈ ಹಿಡಕೊಂಡೆ. ಇಬ್ಬರೂ ಅತ್ವಿ, ಸಪ್ಪಳಿಲ್ಲದ.

ಅಷ್ಟರಾಗ ಹುಡುಗಿ ಸಾಲಿಯಿಂದ ಬಂದು, ಪಾಟಿ ಒಗದು, ಹೊಸ್ತಿಲದಾಗ ನಿಂತು "ಅವ್ವಾ, ಹಸಿವಿ!" ಅಂತ ಒದರಿದ್ಲು. ಇಬ್ಬರೂ ಒಮ್ಮಿಗೆ ಎದ್ವಿ.

"ನೀ ಏನರ ಕೊಟ್ಟಿಯೇನು ಮೊದಲ?" ಅಂತ ಅಕಿ ನನ್ನ ಕೇಳಿದ್ಲು.

"ಇಲ್ಲಕ್ಕಾ, ಕೊಟ್ಟಿಲ್ಲ. ನೀ ಕೊಡು," ಅಂದೆ.